ಪೇಢೆಯ ಪುಡಿ ಹೇಳಿದ ಸಾಕ್ಷಿ

ಸಿಹಿಯ ಚಟವಿರುವವನು ಧಾರವಾಡದಲ್ಲಿ ಮನೆ ಮಾಡುವುದೆಂದರೆ, ಕುಡುಕನು ಸಾರಾಯಿ ಅಂಗಡಿಯ ಮಾಳಿಗೆಯನ್ನು ಬಾಡಿಗೆಗೆ ಹಿಡಿದಂತೆ. ಇಲ್ಲಿ ಮಗ ಪಾಸಾದರೂ ಪೇಢೆ, ಮಗಳಿಗೆ ವರ ಗೊತ್ತಾದರೂ ಪೇಢೆ, ವರ್ಗವಾಗಿ ಬಂದವರಿಗೂ ಹೋಗುವವರಿಗೂ ಪೇಢೆ. ಪ್ಲೇಗಿನ ಕಾಟಕ್ಕೆ ಬೇಸತ್ತು ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ವಲಸೆ ಬಂದ ಠಾಕೂರ್ ಮನೆತನದವರು ಇಲ್ಲಿ ಪೇಢೆ ಮಾಡತೊಡಗಿದರೆಂದು ಹೇಳುತ್ತಾರೆ. ಅವರನ್ನು ಪ್ಲೇಗು ಬಿಟ್ಟಿತು, ನನ್ನನ್ನು ಪೇಢೆ ಬಿಡಲಿಲ್ಲ.

ಈ ಪೇಢೆಗಿರುವ ಒಂದೇ ದೋಷವೆಂದರೆ ಅದು ಗುಟ್ಟು ಕಾಯುವುದಿಲ್ಲ. ಹಾಲನ್ನು ಬತ್ತಿಸಿ ಖೋವಾ ಮಾಡಿ, ಸಕ್ಕರೆ ಬೆರೆಸಿ, ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿದು ಉಂಡೆ ಕಟ್ಟಿದವರು ಅಷ್ಟಕ್ಕೇ ಕೈ ತೊಳೆದುಕೊಳ್ಳಬಹುದಿತ್ತು. ಅದನ್ನು ಮತ್ತೆ ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ಲೈನ್ ಬಜಾರಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ತಿಂದು, ಬಾಯಿ ಒರೆಸಿಕೊಂಡು, ಸಾಲದೆಂಬಂತೆ ಎಲೆ ಅಡಿಕೆಯನ್ನೂ ಮೆದ್ದು ಮನೆಗೆ ಹೋದರೆ, ಬಾಗಿಲು ತೆರೆದ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: "ಮುಂಜಾನಿ ಕರ್ರಗಿದ್ದ ಮೀಸಿ ಸಂಜೀಕ ಹ್ಯಾಂಗ ಬೆಳ್ಳಗಾತ್ರೀ?"

ಪುಡಿ ಉದುರದ ಸಿಹಿಯನ್ನು ಹುಡುಕುತ್ತಾ ನಾನು ಕರದಂಟಿಗೆ ಶರಣಾದೆ. ಬೆಲ್ಲ, ಅಂಟು, ಒಣ ಹಣ್ಣುಗಳ ಈ ಗಟ್ಟಿ ತುಂಡು ಅಂಗಿಯ ಮೇಲೆ ಯಾವ ಗುರುತನ್ನೂ ಬಿಡುವುದಿಲ್ಲ. ಆದರೆ ಹುಬ್ಬಳ್ಳಿಗೆ ಹೊರಟ ಚಿಗರಿ ಬಸ್ಸಿನಲ್ಲಿ ಅದು ನನ್ನ ದವಡೆ ಹಲ್ಲಿನ ಕ್ಯಾಪನ್ನು ಕಿತ್ತು ತನ್ನೊಡನೆ ಇಟ್ಟುಕೊಂಡಿತು. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲಿನ ಎನಾಮೆಲನ್ನು ಸವೆಸುತ್ತದೆ, ಅಂಟುವ ಸಿಹಿ ಹೆಚ್ಚು ಹೊತ್ತು ಹಲ್ಲಿಗೆ ಮೆತ್ತಿಕೊಂಡಿರುವುದರಿಂದ ಹಾನಿಯೂ ಹೆಚ್ಚು ಎಂದು ದಂತವೈದ್ಯರು ತಾಳ್ಮೆಯಿಂದ ವಿವರಿಸಿದರು. ಕ್ಯಾಪಿನ ಕೆಳಗೆ ಹುಳುಕು ಕಂಡಿದ್ದರಿಂದ ಚುಚ್ಚುಮದ್ದೂ ಬಿತ್ತು. ಅಷ್ಟರಲ್ಲಿ ಯಾರೋ ರೋಗಿಯೊಬ್ಬರು, ಮಗಳಿಗೆ ನೌಕರಿ ಸಿಕ್ಕ ಸಂತೋಷಕ್ಕೆ, ಕುಳಿತವರಿಗೆಲ್ಲ ಪೇಢೆ ಹಂಚಿದರು. ಪುಕ್ಕಟೆಯಾಗಿ, ಬಹಿರಂಗವಾಗಿ, ವೈದ್ಯರ ಸಮ್ಮುಖದಲ್ಲೇ ಪೇಢೆ ದೊರೆತ ಆ ಗಳಿಗೆಯಲ್ಲಿ ನನ್ನ ಅರ್ಧ ಬಾಯಿ ಜೋಮು ಹಿಡಿದು, ಅದು ಪೇಢೆಯೋ ಸೀಮೆಸುಣ್ಣವೋ ತಿಳಿಯದ ಸ್ಥಿತಿಯಲ್ಲಿತ್ತು.

ಬಳಿಕ ರಕ್ತ ಪರೀಕ್ಷೆ. ಹಿಂದಿನ ರಾತ್ರಿ ಉಪವಾಸವಿದ್ದು ಸಕ್ಕರೆಯ ಅಂಶವನ್ನು ಇಳಿಸುವ ವಿದ್ಯೆ ನನಗೆ ಗೊತ್ತಿತ್ತು. ಆದರೆ ಹೆಂಡತಿ ಬರೆಸಿದ್ದು ಸುಮಾರು ಮೂರು ತಿಂಗಳ ಸರಾಸರಿಯನ್ನು ಬಯಲಿಗೆಳೆಯುವ ಎಚ್‌ಬಿಎ1ಸಿ ಪರೀಕ್ಷೆಯನ್ನು. ಅದರಲ್ಲಿ 5.7ರಿಂದ 6.4ರವರೆಗೆ ಬಂದರೆ ಮಧುಮೇಹದ ಹೊಸ್ತಿಲು. ನಾನು ಸರಿಯಾಗಿ ಹೊಸ್ತಿಲ ಮೇಲೆ ನಿಂತಿದ್ದೆ.

ಹೀಗಾಗಿ ನಾಗರ ಪಂಚಮಿಗೆ ಕಟ್ಟಿದ ಶೇಂಗಾ, ಎಳ್ಳು, ರವೆಯ ಉಂಡಿಗಳೆಲ್ಲ ಎಣಿಸಲ್ಪಟ್ಟು ಡಬ್ಬಿ ಸೇರಿದವು. ಆದರೂ ಲೆಕ್ಕ ತಪ್ಪಿತು. ವಿಚಾರಣೆಯಿಲ್ಲದೆಯೇ ನಾನು ಅಪರಾಧಿಯಾದೆ. ಆ ಮಧ್ಯಾಹ್ನ ಹಬ್ಬಕ್ಕೆಂದು ಬಂದಿದ್ದ ಅತ್ತೆಯವರ ಕೋಣೆಗೆ ಹೋದಾಗ, ಅನೇಕ ವರ್ಷಗಳಿಂದ ಮಧುಮೇಹಕ್ಕೆ ಗುಳಿಗೆ ನುಂಗುತ್ತಿರುವ ಆ ಹಿರಿಯರು ದಿಂಬಿನ ಕೆಳಗಿನಿಂದ ಶೇಂಗಾ ಉಂಡಿಯನ್ನು ತೆಗೆಯುತ್ತಿದ್ದರು. ಬೆಲ್ಲವೂ ರಕ್ತಕ್ಕೆ ಸಕ್ಕರೆಯೇ ಎಂದು ವೈದ್ಯರು ಹೇಳಿದ್ದನ್ನು ನಾನು ನೆನಪಿಸಬೇಕೆನ್ನುವಷ್ಟರಲ್ಲಿ ಅವರು ಬಾಗಿಲ ಕಡೆಗೊಮ್ಮೆ ನೋಡಿ, ಇನ್ನೊಂದು ಉಂಡಿಯನ್ನು ನನ್ನ ಕೈಗಿತ್ತರು.

"ಇದು ಬೆಲ್ಲದ್ದರಿ ಅಳಿಯಂದಿರ, ನಮ್ಮ ಬ್ಯಾನಿ ಸಕ್ಕರಿದು. ತಗೋರಿ, ಆಕೀ ಮುಂದ ಹೇಳಬ್ಯಾಡ್ರಿ."