ಎಂಜಿನ್ ಕೇಬಲ್ ಪರೀಕ್ಷೆಗೆ ಬೇಕಾದಷ್ಟು ಹೊತ್ತು ಕೊಡಿ

2021ರ ಜನವರಿ 9ರಂದು ಜಕಾರ್ತದಿಂದ ಪೊಂಟಿಯಾನಕ್‌ಗೆ ಹೊರಟ ಶ್ರೀವಿಜಯ ಏರ್‌ನ ಬೋಯಿಂಗ್ 737-500 ವಿಮಾನವು ಮೇಲೇರಿದ ಕೆಲವೇ ನಿಮಿಷಗಳಲ್ಲಿ ಜಾವಾ ಸಮುದ್ರಕ್ಕೆ ಬಿದ್ದು, ಅದರಲ್ಲಿದ್ದ 62 ಮಂದಿಯೂ ತೀರಿಕೊಂಡರು. ಇಂಡೋನೇಷ್ಯಾದ ಸಾರಿಗೆ ಸುರಕ್ಷತಾ ಸಮಿತಿ 2022ರ ನವೆಂಬರ್‌ನಲ್ಲಿ ಹೊರತಂದ ಅಂತಿಮ ವರದಿಯನ್ನು ವಿಮಾನ ನಿರ್ವಹಣೆಯ ಕೆಲಸದಲ್ಲಿರುವ ಪ್ರತಿಯೊಬ್ಬರೂ ಓದಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಎಂಜಿನ್‌ಗಳ ಬಲ ಇಳಿಸಬೇಕಾದಾಗ ಬಲಗಡೆಯ ಥ್ರಸ್ಟ್ ಲಿವರ್ (ಎಂಜಿನ್ ಬಲ ಏರಿಳಿಸಲು ಕಾಕ್‌ಪಿಟ್‌ನಲ್ಲಿರುವ ಹಿಡಿ) ಯಾಂತ್ರಿಕ ಭಾಗದಲ್ಲಿದ್ದ ಘರ್ಷಣೆಯಿಂದಲೋ ಬಿಗಿತದಿಂದಲೋ ಹಿಂದೆ ಸರಿಯಲಿಲ್ಲ. ಆ ಕೊರತೆಯನ್ನು ತುಂಬಲು ಎಡಗಡೆಯದು ಇನ್ನಷ್ಟು ಹಿಂದೆ ಸರಿಯುತ್ತಾ ಹೋಯಿತು. ಎರಡು ಎಂಜಿನ್‌ಗಳ ಬಲದಲ್ಲಿ ಬಂದ ಈ ಅಂತರವೇ ವಿಮಾನವನ್ನು ಎಡಕ್ಕೆ ಮಗುಚಿಹಾಕಿತು. ಪೈಲಟ್‌ಗಳ ಗಮನ ತಪ್ಪಿದ್ದೂ, ಇಂಥ ಸ್ಥಿತಿಯಿಂದ ವಿಮಾನವನ್ನು ಮೇಲೆತ್ತುವ ತರಬೇತಿಯ ಕೊರತೆಯೂ ವರದಿಯಲ್ಲಿವೆ. ಆದರೆ ನನ್ನನ್ನು ಕಾಡುವುದು ಅದರ ಹಿಂದಿನ ಕಥೆ. ಆ ವಿಮಾನದ ಆಟೋಥ್ರಾಟಲ್, ಅಂದರೆ ಈ ಲಿವರ್‌ಗಳನ್ನು ತಾನಾಗಿಯೇ ಸರಿಸುವ ವ್ಯವಸ್ಥೆಯ ಬಗ್ಗೆ ಪೈಲಟ್‌ಗಳು ವರ್ಷಗಟ್ಟಲೆ ಮತ್ತೆ ಮತ್ತೆ ದೂರು ಬರೆದಿದ್ದರು. ಹೆಚ್ಚಿನ ಸಲ ವಿದ್ಯುತ್ ಕನೆಕ್ಟರ್ ಒರೆಸುವಂಥ ದುರಸ್ತಿಯ ನಂತರ ಕಂಪ್ಯೂಟರ್‌ನ ಸ್ವಯಂ ಪರೀಕ್ಷೆ 'ದೋಷವಿಲ್ಲ' ಎಂದಿತು, ಹುಡುಕಾಟ ಅಲ್ಲಿಗೇ ನಿಂತಿತು.

737ರ ಹಳೆಯ ಪೀಳಿಗೆಯಲ್ಲಿ ಥ್ರಸ್ಟ್ ಲಿವರ್‌ನಿಂದ ಎಂಜಿನ್‌ಗೆ ಹೋಗುವುದು ವಿದ್ಯುತ್ ಸಂಕೇತವಲ್ಲ, ಉಕ್ಕಿನ ಕೇಬಲ್ಲು. ಅದು ಕಾಕ್‌ಪಿಟ್‌ನ ನೆಲದಡಿ ಇಳಿದು, ಪ್ರಯಾಣಿಕರ ಕಾಲಡಿಯಲ್ಲೇ ಹಿಂದಕ್ಕೆ ಸಾಗಿ, ರೆಕ್ಕೆಯ ಮುಂಚೂಣಿಯೊಳಗೆ ತಿರುಗಿ, ಎಂಜಿನ್ ತೂಗುಹಾಕಿರುವ ಪೈಲನ್ ಮೂಲಕ ಇಂಧನ ನಿಯಂತ್ರಕವನ್ನು ತಲುಪುತ್ತದೆ. ದಾರಿಯುದ್ದಕ್ಕೂ ಪುಲ್ಲಿಗಳು, ಕೇಬಲ್ಲು ದಾರಿ ತಪ್ಪದಂತೆ ಹಿಡಿಯುವ ಫೇರ್‌ಲೀಡ್‌ಗಳು, ಗಾಳಿಯ ಒತ್ತಡ ಸೋರದಂತೆ ತಡೆಯುವ ಸೀಲುಗಳು. ಕಂಪ್ಯೂಟರ್ ಇವುಗಳಲ್ಲಿ ಒಂದನ್ನೂ ನೋಡಲಾರದು. ತನಗೆ ಬಂದ ವಿದ್ಯುತ್ ಸಂಕೇತವನ್ನಷ್ಟೇ ಅದು ಪರೀಕ್ಷಿಸುತ್ತದೆ. ಹೀಗಿರುವಾಗ ಸ್ವಯಂ ಪರೀಕ್ಷೆಯ ಉತ್ತರವನ್ನು ಇಡೀ ವ್ಯವಸ್ಥೆಯ ಆರೋಗ್ಯದ ಪ್ರಮಾಣಪತ್ರವೆಂದು ಒಪ್ಪಿಕೊಳ್ಳುವುದು ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಂಥ ಕೇಬಲ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ 7x19 ಮಾದರಿಯಲ್ಲಿ ಹತ್ತೊಂಬತ್ತು ತಂತಿಗಳ ಏಳು ಎಳೆಗಳನ್ನು ಒಟ್ಟಿಗೆ ಹುರಿ ಹಾಕಿರುತ್ತಾರೆ, ಒಟ್ಟು 133 ತಂತಿ. ಇಂಚಿನ ಎಂಟನೇ ಒಂದು ಭಾಗದಷ್ಟೇ ದಪ್ಪದ ಕಾರ್ಬನ್ ಸ್ಟೀಲ್ ಕೇಬಲ್ಲು ಕನಿಷ್ಠ 2,000 ಪೌಂಡ್ ಎಳೆತ ತಡೆಯಬೇಕು. ಆದ್ದರಿಂದ ಅದು ಒಮ್ಮೆಲೇ ತುಂಡಾಗುವುದು ಅಪರೂಪ. ಬಾವಿಯ ಹಗ್ಗ ರಾಟೆಗೆ ತಾಗುವ ಕಡೆಯೇ ಸವೆಯುವಂತೆ ಇದೂ ಪುಲ್ಲಿಯ ಮೇಲೆ ಹಾಯುವ ಭಾಗದಲ್ಲಿ ಒಂದೊಂದೇ ತಂತಿ ಕಳೆದುಕೊಳ್ಳುತ್ತಾ ಬರುತ್ತದೆ. ಲಿವರ್ ಒಂದೇ ಕಡೆ ನಿಂತಿದ್ದರೆ ಆ ಭಾಗ ಪುಲ್ಲಿಯ ಮರೆಯಲ್ಲೇ ಉಳಿಯುತ್ತದೆ. ಹಾಗಾಗಿ ಒಬ್ಬರು ಕಾಕ್‌ಪಿಟ್‌ನಲ್ಲಿ ಲಿವರನ್ನು ಪೂರ್ತಿ ಹಿಂದೆ ಮುಂದೆ ನಡೆಸುತ್ತಿರಬೇಕು, ಇನ್ನೊಬ್ಬರು ಕೆಳಗೆ ಪ್ರತಿ ಪುಲ್ಲಿಯ ಬಳಿ ಟಾರ್ಚ್ ಹಿಡಿದು ಕೇಬಲ್ ಹೊರಬರುವುದನ್ನು ನೋಡುತ್ತಿರಬೇಕು. ನಂತರ ಹತ್ತಿಬಟ್ಟೆಯಿಂದ ಕೇಬಲ್ಲನ್ನು ಮೆಲ್ಲಗೆ ಸುತ್ತಿ ಹಿಡಿದು ಉದ್ದಕ್ಕೂ ಒರೆಸುತ್ತಾ ಹೋಗಬೇಕು. ತುಂಡಾದ ತಂತಿಯ ತುದಿ ಬಟ್ಟೆಯ ನೂಲನ್ನು ಎಳೆದು ಹಿಡಿಯುತ್ತದೆ. ಕಣ್ಣಿಗೆ ಕಾಣದ ಮುರಿತ ಹೀಗೆ ಸಿಕ್ಕಿಬೀಳುತ್ತದೆ. ಬರಿಗೈಯಲ್ಲಿ ಸವರಿದರೆ ಬೆರಳು ಕೊಯ್ದುಹೋಗುತ್ತದೆ. ಸಂಶಯ ಬಂದ ಕಡೆ ಬಿಗಿ ಸಡಿಲಿಸಿ, ಕೇಬಲ್ಲನ್ನು ಸ್ವಲ್ಪ ಬಾಗಿಸಿ ನೋಡಿದರೆ ಒಳಗೆ ಅಡಗಿರುವ ತುಂಡು ತಂತಿಗಳು ಹೊರಗೆ ಚಾಚಿಕೊಳ್ಳುತ್ತವೆ.

ಕೊಳೆ ತೆಗೆಯುವ ಭರದಲ್ಲಿ ಸಾಲ್ವೆಂಟ್‌ನಲ್ಲಿ ನೆನೆಸುವುದು ಕೇಬಲ್ಲಿಗೆ ಒಳ್ಳೆಯದಲ್ಲ. ತಯಾರಿಕೆಯಲ್ಲೇ ಎಳೆಗಳ ನಡುವೆ ತುಂಬಿದ ಗ್ರೀಸ್ ತೊಳೆದುಹೋಗಿ, ಹೊರಗೆ ಹೊಳೆಯುವ ಕೇಬಲ್ಲು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಒಳಗಿನ ತುಕ್ಕು ಕಂಡರೆ ಬದಲಾಯಿಸುವುದೊಂದೇ ದಾರಿ. ಚಕ್ರದ ಗೂಡು, ಶೌಚಾಲಯದ ಕೆಳಭಾಗ, ಬ್ಯಾಟರಿಯ ಅಕ್ಕಪಕ್ಕ, ಇವು ಮೊದಲು ನೋಡಬೇಕಾದ ಜಾಗಗಳು.

ಬಿಗಿ ಅಳೆಯುವುದರಲ್ಲೂ ಅವಸರ ಸಲ್ಲದು. ವಿಮಾನದ ಮೈ ಅಲ್ಯೂಮಿನಿಯಂ, ಕೇಬಲ್ಲು ಉಕ್ಕು. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುವುದರಿಂದ, ಬಿಸಿಲಲ್ಲಿ ನಿಂತ ವಿಮಾನದ ಕೇಬಲ್ಲು ತಾನಾಗಿಯೇ ಬಿಗಿಯುತ್ತದೆ, ಎತ್ತರದ ಚಳಿಯಲ್ಲಿ ಸಡಿಲವಾಗುತ್ತದೆ. ಆದ್ದರಿಂದ ವಿಮಾನವನ್ನು ಹ್ಯಾಂಗರ್‌ನೊಳಗೆ ನಿಲ್ಲಿಸಿ, ಮೈಯ ತಾಪಮಾನ ಸಮನಾಗುವವರೆಗೆ ಕಾದು, ಟೆನ್ಷನ್ ಮೀಟರ್ ಅಂಕಿಯನ್ನು ಆ ತಾಪಮಾನದ ಕೋಷ್ಟಕಕ್ಕೆ ತಾಳೆ ನೋಡಿ, ಆಮೇಲಷ್ಟೇ ಬಿಗಿ ಹೊಂದಿಸುವ ತಿರುಪು ಟರ್ನ್‌ಬಕಲ್‌ಗೆ ಕೈ ಹಾಕಬೇಕು. ಮೇ ತಿಂಗಳ ಮಧ್ಯಾಹ್ನ ಟಾರ್ಮ್ಯಾಕ್ ಮೇಲೆ ತೆಗೆದುಕೊಂಡ ಅಂಕಿಯನ್ನು ತಾಪಮಾನ ಬರೆಯದೆ ದಾಖಲಿಸಿದರೆ ಅದರಿಂದ ಯಾರಿಗೂ ಉಪಯೋಗವಿಲ್ಲ.

ಈಗಿನ ಎಂಜಿನ್‌ಗಳಲ್ಲಿ ಥ್ರಸ್ಟ್ ಕೇಬಲ್ಲೇ ಇಲ್ಲವಲ್ಲ ಎಂದು ಕೆಲವರು ಕೇಳಬಹುದು. ಏರ್‌ಬಸ್ 320ರಲ್ಲಾಗಲಿ, 737ರ ಮುಂದಿನ ಪೀಳಿಗೆಯಲ್ಲಾಗಲಿ ಎಂಜಿನ್‌ಗೆ ಆಜ್ಞೆ ಹೋಗುವುದು ವೈರಿನಲ್ಲೇ ಎಂಬುದು ನಿಜ. ಆದರೆ ಹಳೆಯ 737ಗಳು ಸರಕು ವಿಮಾನಗಳಾಗಿ ಇನ್ನೂ ಹಾರುತ್ತಿವೆ. ಹೊಸ 737ಗಳ ಮೂತಿ ಏರಿಳಿಸುವ ಎಲಿವೇಟರ್, ಮೈ ವಾಲಿಸುವ ಏಲೆರಾನ್‌ಗಳಿಗೆ, ಹುಬ್ಬಳ್ಳಿಗೂ ಮೈಸೂರಿಗೂ ಬರುವ ಸಣ್ಣ ಎಟಿಆರ್ ವಿಮಾನಗಳ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್‌ಗೆ ಇಂದಿಗೂ ಕೇಬಲ್ಲೇ. ಇವಕ್ಕೂ ಬೇಕಾಗುವುದು ಅದೇ ಬಟ್ಟೆ, ಅದೇ ಟಾರ್ಚ್, ಅದೇ ತಾಳ್ಮೆ.

ಬೆಳಗಿನ ಮೊದಲ ಹಾರಾಟಕ್ಕೆ ವಿಮಾನ ಬಿಟ್ಟುಕೊಡಬೇಕಾದ ರಾತ್ರಿ ಪಾಳಿಯಲ್ಲಿ ನೆಲಹಾಸಿನ ಹಲಗೆ ಬಿಚ್ಚಿ ಕೇಬಲ್ ನೋಡಬೇಕೆನ್ನುವ ಮೆಕ್ಯಾನಿಕ್‌ಗೆ ಸಿಗಬೇಕಾದ್ದು ಬೆಂಬಲ. ಅವನನ್ನು ವಿಳಂಬದ ಲೆಕ್ಕದಲ್ಲಿ ಅಪರಾಧಿ ಮಾಡಬಾರದು. ಕೆಲಸದ ಕಾರ್ಡಿನಲ್ಲಿ 'ಪರೀಕ್ಷಿಸಿದೆ, ಸರಿಯಿದೆ' ಎಂಬ ಒಂದು ಸಾಲು ಸಾಲದು. ಅಳೆದ ಬಿಗಿ, ಆಗಿನ ತಾಪಮಾನ, ಯಾವ ಪುಲ್ಲಿಯ ಬಳಿ ಎಷ್ಟು ತಂತಿ ಸವೆದಿದೆ, ಲಿವರ್ ಸರಿಸಲು ಎಷ್ಟು ಬಲ ಬೇಕಾಯಿತು, ಇಷ್ಟೂ ಅಂಕಿಗಳಲ್ಲಿ ಬರೆಯಲು ಜಾಗವಿರಬೇಕು. ಒಂದೇ ದೂರು ಮೂರನೇ ಸಲ ಬಂದಾಗ, ಹಿಂದಿನ ಎರಡು ಕಾರ್ಡುಗಳನ್ನು ಮುಂದಿಟ್ಟುಕೊಂಡು ಲಿವರ್‌ನಿಂದ ಎಂಜಿನ್‌ವರೆಗಿನ ಇಡೀ ದಾರಿಯನ್ನು ಕೈಯಿಂದ ಪರೀಕ್ಷಿಸುವವರೆಗೂ ಆ ವಿಮಾನಕ್ಕೆ ಸಹಿ ಬೀಳಬಾರದು.