‘ಮಿಸ್’ ಎಂದರೆ 35 ಕಿಲೋ

ವಿಮಾನ ನಿಲ್ದಾಣದಲ್ಲಿ ತಕ್ಕಡಿಗಿರುವ ಗೌರವ ಬೇರೆ ಯಾವ ಯಂತ್ರಕ್ಕೂ ಇಲ್ಲ. ಆದರೆ ಅದು ಪೆಟ್ಟಿಗೆಗಳಿಗಷ್ಟೇ ಮೀಸಲು. ಚೆಕ್-ಇನ್ ಕೌಂಟರಿನಲ್ಲಿ ಸೂಟ್‌ಕೇಸು ಅರ್ಧ ಕಿಲೋ ಹೆಚ್ಚು ತೂಗಿತೆಂದರೆ ಅದರ ಒಡೆಯ ಸಾಲಿನವರೆಲ್ಲರ ಎದುರು ಮಂಡಿಯೂರಿ, ಬೀಗ ತೆಗೆದು, ಒಳಗಿದ್ದ ಬೂಟುಗಳನ್ನು ಹೊರಗೆಳೆದು ಕಾಲಿಗೆ ತೊಟ್ಟುಕೊಳ್ಳುತ್ತಾನೆ. ಪೆಟ್ಟಿಗೆಯಿಂದ ಕಾಲಿಗೆ ಬಂದ ಕ್ಷಣವೇ ಬೂಟಿನ ತೂಕ ಲೆಕ್ಕದಿಂದ ಮಾಯವಾಗುತ್ತದೆ, ಏಕೆಂದರೆ ಮನುಷ್ಯನನ್ನು ಸಾಮಾನ್ಯವಾಗಿ ಯಾರೂ ತೂಗುವುದಿಲ್ಲ. ಅವನಿಗೊಂದು ಸರಾಸರಿ ಮೊದಲೇ ಮಂಜೂರಾಗಿರುತ್ತದೆ. ಉಂಡು ಬಂದರೂ ಅದೇ, ಉಪವಾಸವಿದ್ದು ಬಂದರೂ ಅದೇ.

ಈ ಸರಾಸರಿ ಜೀವಿಗಳನ್ನೆಲ್ಲ ಕೂಡಿಸಿ, ಸರಕನ್ನೂ ಇಂಧನವನ್ನೂ ಸೇರಿಸಿ ಸಿದ್ಧಪಡಿಸಿದ ಲೋಡ್‌ಶೀಟ್ ಎಂಬ ತೂಕದ ಪಟ್ಟಿ ಹೊರಡುವ ಹೊತ್ತಿಗೆ ಕಾಕ್‌ಪಿಟ್ ತಲುಪುತ್ತದೆ. ಎಂಜಿನ್ನಿಗೆ ಎಷ್ಟು ಬಲ ಬೇಕು, ಯಾವ ವೇಗದಲ್ಲಿ ಮೂತಿ ಎತ್ತಬೇಕು, ಮೂತಿ-ಬಾಲಗಳ ಸಮತೋಲ ಹೊಂದಿಸುವ ಟ್ರಿಮ್ ಎಲ್ಲಿರಬೇಕು ಎಂಬುದೆಲ್ಲ ಅದನ್ನೇ ನೆಚ್ಚಿಕೊಂಡಿದೆ. ತಾನು ಕಾಣದ ಜನರ, ಯಾರೂ ತೂಗದ ತೂಕಕ್ಕೆ ಹೊಣೆ ಹೊತ್ತು ಸಹಿ ಹಾಕುವ ಭಾಗ್ಯ ಕ್ಯಾಪ್ಟನ್ನರದು.

2020ರ ಜುಲೈ 21ರಂದು ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಪಾಲ್ಮಾಗೆ ಹೊರಟ ಬೋಯಿಂಗ್ 737 ವಿಮಾನದ ಲೋಡ್‌ಶೀಟಂತೂ ಸಾಹಿತ್ಯಕೃತಿಯೇ ಸರಿ. ಸಾಫ್ಟ್‌ವೇರ್ ಬರೆದ ನಾಡಿನಲ್ಲಿ ‘ಮಿಸ್’ ಎಂದರೆ ಪುಟ್ಟ ಬಾಲಕಿ. ಹಾಗಾಗಿ ಹೆಸರಿನ ಹಿಂದೆ ‘ಮಿಸ್’ ಎಂದು ಬರೆದುಕೊಂಡ ವಯಸ್ಕ ಮಹಿಳೆಯರನ್ನೆಲ್ಲ ಗಣಕವು ಮಕ್ಕಳ ಪಟ್ಟಿಗೆ ಸೇರಿಸಿ, ತಲಾ 69 ಕಿಲೋ ಬದಲು 35 ಕಿಲೋ ದಯಪಾಲಿಸಿತು. ವ್ಯಾಯಾಮವಿಲ್ಲದೆ, ಪಥ್ಯವಿಲ್ಲದೆ, ಬರೀ ಒಂದು ಸಂಬೋಧನೆಯಿಂದ 34 ಕಿಲೋ ಇಳಿಸುವ ಚಿಕಿತ್ಸೆಯನ್ನು ವೈದ್ಯರು ಇನ್ನೂ ಕಂಡುಹಿಡಿದಿಲ್ಲ. ವಿಮಾನ ಕಾಗದದಲ್ಲಿ ಹೇಳಿದ್ದಕ್ಕಿಂತ 1,244 ಕಿಲೋ ಹೆಚ್ಚು ಭಾರವಿತ್ತು. ಈ ದೋಷ ಕೆಲವು ದಿನ ಮೊದಲೇ ಗೊತ್ತಾಗಿ, ಸಿಬ್ಬಂದಿ ‘ಮಿಸ್’ಗಳನ್ನು ಕೈಯಿಂದ ತಿದ್ದುತ್ತಿದ್ದರೂ ಈ ಹಾರಾಟಕ್ಕೆ ಆ ತಿದ್ದುಪಡಿ ಆಗಿರಲಿಲ್ಲವೆಂಬುದು ಇನ್ನೂ ಸೊಗಸು. ಪುಣ್ಯಕ್ಕೆ ಎಂಜಿನ್ ಬಲದಲ್ಲಿ ಬಿದ್ದ ಕೊರತೆ ಕೂದಲೆಳೆಯಷ್ಟಾಗಿದ್ದರಿಂದ ಅನಾಹುತವಾಗಲಿಲ್ಲ.

ಯಂತ್ರವಾದರೂ ಎಚ್ಚರಿಸಬಾರದೇ ಎಂದರೆ, ಚಕ್ರದ ಕಾಲುಗಳಲ್ಲೇ ಭಾರ ಅಳೆಯುವ ಉಪಕರಣ ಕೆಲವು ವಿಮಾನಗಳಲ್ಲಿದೆ, ಆದರೆ ಕಡ್ಡಾಯವಲ್ಲ. 2009ರ ಮಾರ್ಚ್ 20ರಂದು ಮೆಲ್ಬರ್ನ್‌ನಲ್ಲಿ ಒಂದು ಏರ್‌ಬಸ್ ಎ340ರ ಲೆಕ್ಕಾಚಾರಕ್ಕೆ 362.9 ಟನ್ನಿನ ಬದಲು 262.9 ಎಂದು ಒತ್ತಿದಾಗ, ನೂರು ಟನ್ ಎಲ್ಲಿ ಹೋಯಿತೆಂದು ಆ ಮಹಾಯಂತ್ರ ಕೇಳಲೇ ಇಲ್ಲ. ವಿಮಾನ ಬಾಲವನ್ನು ನೆಲಕ್ಕೆ ಉಜ್ಜಿಕೊಂಡು, ರನ್‌ವೇಯಾಚೆಯ ಆಂಟೆನಾಕ್ಕೆ ಬಡಿದು, ಹೇಗೋ ಮೇಲೆದ್ದಿತು.

ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. 2003ರ ಜನವರಿ 8ರಂದು ಅಮೆರಿಕದ ಶಾರ್ಲೆಟ್‌ನಲ್ಲಿ ಬೀಚ್‌ಕ್ರಾಫ್ಟ್ 1900 ವಿಮಾನವು ನೆಲ ಬಿಟ್ಟೊಡನೆ ಮೂತಿ ಮೇಲೆತ್ತಿ ಕುಸಿದು, ಒಳಗಿದ್ದ 21 ಮಂದಿಯೂ ಸತ್ತರು. ಮೂತಿಯನ್ನು ಏರಿಸಿ ಇಳಿಸುವ ಬಾಲದ ಫಲಕ, ಅಂದರೆ ಎಲಿವೇಟರಿನ, ಜೋಡಣೆಯನ್ನು ದುರಸ್ತಿಯಲ್ಲಿ ಕೆಡಿಸಲಾಗಿತ್ತು. ಜೊತೆಗೆ ವಿಮಾನದ ಭಾರವೆಲ್ಲ ಸಮತೂಗುವ ಬಿಂದುವಾದ ಗುರುತ್ವ ಕೇಂದ್ರವು ಮಿತಿ ಮೀರಿ ಹಿಂದಕ್ಕೆ ಸರಿದಿತ್ತು. ಪೈಲಟ್‌ಗಳು ನಿಯಮ ಒಪ್ಪಿದ ಸರಾಸರಿಯನ್ನೇ ಬಳಸಿದ್ದರು, ಹಾಗಾಗಿ ಕಾಗದದ ಮೇಲೆ ಎಲ್ಲವೂ ಮಿತಿಯೊಳಗೇ ಇತ್ತು. ಆಮೇಲೆ ಅಧಿಕಾರಿಗಳಿಗೆ ಜನ ದಪ್ಪಗಾಗಿದ್ದಾರೆಂಬ ಸಂಶಯ ಬಂದು, ಒಂದಷ್ಟು ಪ್ರಯಾಣಿಕರನ್ನು ನಿಜಕ್ಕೂ ತೂಗಿ ನೋಡಿ, ಸರಾಸರಿಯನ್ನು ಏರಿಸಿದರು. ಅಷ್ಟಾದ ಮೇಲೆ ತಕ್ಕಡಿ ಮತ್ತೆ ಸೂಟ್‌ಕೇಸುಗಳ ಸೇವೆಗೆ ಮರಳಿತು.