ಮುಚ್ಚಿಟ್ಟ ಸಾಂತಾ, ಬುಟ್ಟಿಯೊಳಗಿನ ಜೋಕುಮಾರ

ಡಿಸೆಂಬರ್ ಬಂತೆಂದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಅಂಗಡಿಗಳಲ್ಲಿ ಕೆಂಪು ಟೊಪ್ಪಿಗೆಗಳು ತೂಗತೊಡಗುತ್ತವೆ. ಶಾಲೆಯಿಂದ ಪಾಲಕರ ವಾಟ್ಸ್‌ಆ್ಯಪ್ ಗುಂಪಿಗೆ ಸಂದೇಶ ಬರುತ್ತದೆ: ಮಗುವಿಗೆ ಗೊತ್ತಾಗದ ಹಾಗೆ ಒಂದು ಗಿಫ್ಟ್ ಕಟ್ಟಿ ಕಳಿಸಿ, ಸಾಂತಾ ಬಂದು ಕೊಡುತ್ತಾನೆ. ಅದರ ಕೆಳಗೇ ವಾದ ಶುರು. ನಮ್ಮ ಹಬ್ಬ ಅಲ್ಲ, ಯಾಕೆ ಬೇಕು ಅಂತ ಒಬ್ಬರು. ಮಕ್ಕಳಿಗೆ ಸುಳ್ಳು ಹೇಳಿ ವೈಜ್ಞಾನಿಕ ಮನೋಭಾವ ಬೆಳೆಸೋದು ಹೇಗೆ ಅಂತ ಇನ್ನೊಬ್ಬರು. ಇರಲಿ ಬಿಡಿ, ಸಣ್ಣ ಮಕ್ಕಳು, ನಾಲ್ಕು ದಿನ ಖುಷಿಪಡಲಿ ಅಂತ ಮತ್ತೊಬ್ಬರು. ಮೂವರೂ ಮಕ್ಕಳ ಮೇಲಿನ ಪ್ರೀತಿಯಿಂದಲೇ ಮಾತಾಡುತ್ತಾರೆ. ಆದರೆ ನನಗೆ ಕೇಳಬೇಕೆನಿಸುವ ಪ್ರಶ್ನೆ ಬೇರೆ. ಮಗುವಿನ ನಂಬಿಕೆಯನ್ನು ನಾವು ಅದರ ಕಣ್ಣೆದುರಿಗೆ ಕಟ್ಟುತ್ತಿದ್ದೇವೋ, ಬೆನ್ನ ಹಿಂದೆ ಕಟ್ಟುತ್ತಿದ್ದೇವೋ?

ನಾನು ಬೆಳೆದದ್ದು ಯಾದಗಿರಿ ಕಡೆ, ಭೀಮಾ ದಂಡೆಯ ಹಳ್ಳಿಯಲ್ಲಿ. ಗಣಪತಿ ಬಂದ ಬೆನ್ನಿಗೇ ನಮ್ಮಲ್ಲಿ ಜೋಕುಮಾರ ಬರುತ್ತಾನೆ. ಭಾದ್ರಪದದ ಅಷ್ಟಮಿಗೆ ಹುಟ್ಟಿ ಹುಣ್ಣಿಮೆಗೆ ಸಾಯುವ, ಏಳೇ ದಿನದ ಆಯುಷ್ಯದ ದೇವರು. ಕುಂಬಾರರ ಅಂಗಳದಲ್ಲಿ ಸುತ್ತ ಕೂತು ಅವನು ಹುಟ್ಟುವುದನ್ನು ನಾವೆಲ್ಲ ನೋಡುತ್ತಿದ್ದೆವು. ಮೊದಲು ಅಗಲ ಮುಖ, ಆಮೇಲೆ ಹುರಿ ಮೀಸೆ, ಕಣ್ಣಿಗೆ ಸುಣ್ಣದ ಬಿಳುಪು, ನಡುವೆ ಕರಿ ಬೊಟ್ಟು. ಉಳಿದ ಹಸಿಮಣ್ಣಿನಲ್ಲಿ ನಾವೂ ಒಂದೊಂದು ಸೊಟ್ಟ ಮೂತಿ ಮಾಡುತ್ತಿದ್ದೆವು. ಅದೇ ಮಣ್ಣಿನ ಮುದ್ದೆ ಬೇವಿನ ಸೊಪ್ಪು ಹಾಸಿದ ಬುಟ್ಟಿಯಲ್ಲಿ ಕೂತು, ಅಂಬಿಗರ ಮನೆಯ ಹೆಣ್ಣುಮಕ್ಕಳ ತಲೆಯೇರಿ ಬಾಗಿಲಿಗೆ ಬಂದಾಗ ಮಾತ್ರ ಅವನು ಜೋಕುಮಾರಸ್ವಾಮಿ. ಅವ್ವ ಮೊರದಲ್ಲಿ ಜೋಳ ತರುತ್ತಿದ್ದಳು, ಅವನ ಬಾಯಿಗೆ ಬೆಣ್ಣೆ ಮೆತ್ತುತ್ತಿದ್ದಳು. ತಿಂದನೋ ಇಲ್ಲವೋ ಅಂತ ಬುಟ್ಟಿಯಲ್ಲಿ ಇಣುಕುವುದು ನಮ್ಮ ಕೆಲಸ. ಬಿಸಿಲಿಗೆ ಕರಗಿದ ಬೆಣ್ಣೆ ಗದ್ದದವರೆಗೆ ಇಳಿದಿರುತ್ತಿತ್ತು. "ತಿಂದಾನ, ಬಾಯಿ ಒರಸ್ಕೊಂಡಿಲ್ಲ" ಅಂತ ನಾವೇ ತೀರ್ಮಾನ ಕೊಡುತ್ತಿದ್ದೆವು.

ಜೋಕುಮಾರ ಬರೀ ಮಣ್ಣು ಅಂತ ನನಗೆ ತಿಳಿದದ್ದು ಯಾವಾಗ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಮಣ್ಣು ಅನ್ನುವುದು ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಅವನು ಜೀವಂತ. ಹುಣ್ಣಿಮೆಯ ರಾತ್ರಿ ಅವನ ಕತೆ ಮುಗಿಯಿತು ಅಂದಾಗ ಖರೇನೇ ದುಃಖವಾಗುತ್ತಿತ್ತು. ಆಮೇಲಿನ ದಿನಗಳಲ್ಲಿ ಅಗಸರು ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗುತ್ತಿರಲಿಲ್ಲ. ಜೋಕುಮಾರ ಅಳುವುದು ಅಲ್ಲಿ ಕೇಳಿಸುತ್ತದೆ ಅಂತ ದೊಡ್ಡವರು ಹೇಳುತ್ತಿದ್ದರು. ನಾವು ಹಳ್ಳದ ಕಡೆ ಕಿವಿಗೊಟ್ಟು ನಿಲ್ಲುತ್ತಿದ್ದೆವು.

ದೊಡ್ಡವಳಾದಂತೆ ಅವನು ನನಗೆ ಸಣ್ಣವನಾಗಲಿಲ್ಲ. ಆ ಹೆಣ್ಣುಮಕ್ಕಳು ಹಾಡುವ ಕತೆಯ ಅರ್ಥ ಆಗ ಬಿಚ್ಚಿಕೊಂಡಿತು. ಗಣಪ ಭೂಮಿಗೆ ಬಂದು, ಕಡುಬು ಹೋಳಿಗೆ ಉಂಡು, ಅಲ್ಲಿ ಎಲ್ಲರೂ ಸುಖವಾಗಿದ್ದಾರೆ ಅಂತ ಶಿವನಿಗೆ ಹೇಳುತ್ತಾನೆ. ಜೋಕುಮಾರ ಮನೆಮನೆ ತಿರುಗಿ, ಬಿರುಕು ಬಿಟ್ಟ ಹೊಲ ನೋಡಿ, ಮಳೆಯಿಲ್ಲದೆ ಮಂದಿ ಸಾಯುತ್ತಿದ್ದಾರೆ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ. ಆಮೇಲೆ ಮಳೆ. ನಮ್ಮಂಥ ಒಣಸೀಮೆಯಲ್ಲಿ ಈ ಕತೆ ಯಾಕೆ ಹುಟ್ಟಿತು, ಬುಟ್ಟಿ ಹೊತ್ತವರು ಯಾರು, ಮೊರದಲ್ಲಿ ಜೋಳ ಹಾಕುವವರು ಯಾರು ಅನ್ನುವ ಪ್ರಶ್ನೆಗಳು ಕಾಲೇಜಿಗೆ ಬಂದ ಮೇಲೆ ನನ್ನನ್ನು ಹಿಡಿದವು. ನಂಬಿಕೆ ಕಳಚಿದ ಜಾಗ ಖಾಲಿ ಉಳಿಯಲಿಲ್ಲ.

ಮೊಹರಂ ಹುಲಿ ವೇಷದ್ದೂ ಇದೇ ಕತೆ. ಹರಕೆ ಹೊತ್ತವನ ಬೆನ್ನಿಗೆ ಹಿತ್ತಲಲ್ಲಿ ಹಳದಿ ಬಣ್ಣ ಬಳಿಯುವುದನ್ನು ನೋಡಿರುತ್ತೇವೆ, ಪಟ್ಟೆ ಎಳೆಯಲು ಬಟ್ಟಲು ಹಿಡಿದು ನಿಂತಿರುತ್ತೇವೆ. ಹಲಗೆ ಬಡಿದು ಅವನು ಓಣಿಗೆ ಇಳಿದರೆ ಸಾಕು, ಓಡಿಹೋಗಿ ಬಾಗಿಲ ಹಿಂದೆ ಅಡಗುತ್ತೇವೆ. ಎಳ್ಳಮಾವಾಸ್ಯೆಗೆ ಹೊಲದಲ್ಲೇ ಆರಿಸಿದ ಐದು ಕಲ್ಲು ಪಾಂಡವರು. ಕಲ್ಲು ಹುಡುಕಿ ತರುವವರೂ ನಾವೇ, ಸುಣ್ಣ ಹಚ್ಚುವವರೂ ನಾವೇ, ಭಜ್ಜಿ ಮತ್ತು ಸಜ್ಜಿ ರೊಟ್ಟಿಯ ಎಡೆ ಹಿಡಿದು ಅದೇ ಕಲ್ಲುಗಳ ಮುಂದೆ ಕೈಮುಗಿದು ನಿಲ್ಲುವವರೂ ನಾವೇ. ಯಾರೂ ಯಾರಿಂದಲೂ ಏನನ್ನೂ ಮುಚ್ಚಿಡುತ್ತಿರಲಿಲ್ಲ.

ಈಗ ಬೀದರ್‌ನಲ್ಲಿರುವ ನನ್ನ ಅಕ್ಕನ ಮಗನ ವಿಷಯ. ಎಂಟು ವರ್ಷದವ. ಎರಡು ಕ್ರಿಸ್ಮಸ್‌ನಿಂದ ಅವನ ದಿಂಬಿನ ಹತ್ತಿರ ಸಾಂತಾ ಗಿಫ್ಟ್ ಇಟ್ಟು ಹೋಗುತ್ತಿದ್ದ. ಕಳೆದ ಸಲ ನಾನು ಹೋದಾಗ ಮಾಳಿಗೆ ಮೇಲೆ ಕರೆದುಕೊಂಡು ಹೋಗಿ ಕೇಳಿದ: "ಮೌಶಿ, ಖರೇ ಹೇಳು, ಸಾಂತಾ ಅದಾನೋ ಇಲ್ಲೋ?"

"ನಿನಗೇನ್ ಅನಸ್ತದ?" ಅಂದೆ.

ಅವನ ಹತ್ತಿರ ಪುರಾವೆ ತಯಾರಿತ್ತು. ರಾತ್ರಿ ಗೇಟಿಗೆ ಬೀಗ, ಕಿಟಕಿಗೆ ಸರಳು, ಬಂದದ್ದು ಎಲ್ಲಿಂದ? ಗಿಫ್ಟಿಗೆ ಸುತ್ತಿದ ನಕ್ಷತ್ರದ ಹಾಳೆಯ ಉಳಿದ ತುಂಡು ಅಲಮಾರಿಯ ಮೇಲಿತ್ತು. ಚೀಟಿಯಲ್ಲಿ ಅವನ ಹೆಸರಿನ ಕೊನೆಯ ಅಕ್ಷರಕ್ಕೆ ಎಳೆದ ಉದ್ದ ಬಾಲ ಅವನ ಅವ್ವ ಕಿರಾಣಿ ಪಟ್ಟಿಯಲ್ಲಿ ಎಳೆಯುವ ಬಾಲವೇ. ಮುಖ್ಯವಾಗಿ, ಅವರ ಮನೆಗೆ ಕೆಲಸಕ್ಕೆ ಬರುವ ಅಕ್ಕನ ಮಗಳಿಗೆ ಸಾಂತಾ ಏನೂ ತಂದಿರಲಿಲ್ಲ. "ಆಕಿ ನನಕಿಂತ ಶಾಣ್ಯಾ ಅದಾಳ" ಅಂದ. ಇದನ್ನೆಲ್ಲ ಹೇಳುವಾಗ ಅವನ ಮುಖದಲ್ಲಿ ದುಃಖ ಇರಲಿಲ್ಲ, ಕಂಡುಹಿಡಿದವನ ಹೆಮ್ಮೆ ಇತ್ತು. ನೀ ಹೇಳೋದು ಖರೇ ಅದ, ಅವ್ವನೇ ಇಟ್ಟಿದ್ದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಕೇಳಿದ್ದು: "ಮತ್ತ ಪಪ್ಪಾಗೂ ಗೊತ್ತಿತ್ತಾ? ಅಜ್ಜಿಗೂ? ನಿನಗೂ?" ಗೊತ್ತಿತ್ತು ಅಂದೆ. ಸಿಟ್ಟು ಬಂದದ್ದು ಆಗ. ಸಾಂತಾ ಇಲ್ಲ ಅನ್ನುವುದನ್ನು ಆ ಹುಡುಗ ಆರಾಮಾಗಿ ತಾಳಿಕೊಂಡ. ಮನೆಮಂದಿಯೆಲ್ಲ ಒಂದು ಕಡೆ, ತಾನೊಬ್ಬನೇ ಇನ್ನೊಂದು ಕಡೆ ಇದ್ದೆ ಅನ್ನುವುದನ್ನು ತಾಳಿಕೊಳ್ಳಲಿಲ್ಲ.

ಅಮೆರಿಕದಲ್ಲಿ ಕಾರ್ಲ್ ಆ್ಯಂಡರ್ಸನ್ ಮತ್ತು ನಾರ್ಮನ್ ಪ್ರೆಂಟಿಸ್ ಎಂಬ ಮನಶ್ಶಾಸ್ತ್ರಜ್ಞರು ಸಾಂತಾ ನಿಜವಲ್ಲ ಎಂದು ತಿಳಿದುಕೊಂಡಿದ್ದ 52 ಮಕ್ಕಳನ್ನು ಮಾತಾಡಿಸಿ 1994ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೆಚ್ಚಿನ ಮಕ್ಕಳು ಏಳರ ಹೊತ್ತಿಗೆ ತಾವಾಗಿಯೇ ಕಂಡುಕೊಂಡಿದ್ದರು, ಅವರ ಪ್ರತಿಕ್ರಿಯೆ ಬಹುಪಾಲು ಒಳ್ಳೆಯದೇ ಇತ್ತು. ಬೇಜಾರು ಮಾಡಿಕೊಂಡವರು ಹೆಚ್ಚಾಗಿ ತಂದೆತಾಯಂದಿರು. ನನಗೆ ಇದು ಪೂರ್ತಿ ನಂಬುವಂತಿದೆ. ಮಗು ಸುಳಿವುಗಳನ್ನು ಕೂಡಿಹಾಕಿ ತೂಗಿ ನೋಡುವ ಆ ಕೆಲಸವನ್ನು ಅದರ ಕೈಯಿಂದ ಕಸಿದುಕೊಳ್ಳಬಾರದು. ಆದ್ದರಿಂದಲೇ, ಐದು ವರ್ಷದ ಮಗುವನ್ನು ನಿಲ್ಲಿಸಿಕೊಂಡು "ಅದೆಲ್ಲ ಸುಳ್ಳು, ಹುಚ್ಚಪ್ಪ" ಅನ್ನುವ ವಿಚಾರವಾದಿ ಅಪ್ಪಂದಿರನ್ನು ನಾನು ಒಪ್ಪುವುದಿಲ್ಲ. ವಿಚಾರ ಮಾಡಲು ಮಗುವಿಗೆ ಸಿಕ್ಕ ಮೊದಲ ಅವಕಾಶವನ್ನೇ ಅವರು ಮುಗಿಸಿಬಿಡುತ್ತಾರೆ.

ಹಾಗೆಯೇ, ಮಗು ಖರೇ ಏನು ಅಂತ ಎದುರಿಗೆ ನಿಂತು ಕೇಳಿದ ಮೇಲೆ ಜಾರಿಕೊಳ್ಳುವುದನ್ನೂ ಒಪ್ಪುವುದಿಲ್ಲ. 1897ರಲ್ಲಿ ವರ್ಜೀನಿಯಾ ಎಂಬ ಎಂಟು ವರ್ಷದ ಹುಡುಗಿ ನ್ಯೂಯಾರ್ಕಿನ 'ಸನ್' ಪತ್ರಿಕೆಗೆ ಪತ್ರ ಬರೆದು ಇದನ್ನೇ ಕೇಳಿದ್ದಳು. ಪತ್ರಿಕೆ ಇದ್ದಾನೆ ಎಂದು ಸಂಪಾದಕೀಯ ಬರೆಯಿತು. ಬಹಳ ಚಂದದ ಬರಹ, ಇವತ್ತಿಗೂ ಜನ ಎತ್ತಿ ಆಡುತ್ತಾರೆ. ಆದರೆ ನಿಜ ಹೇಳಿ ಎಂದು ಅಂಗಲಾಚಿದ ಮಗುವಿಗೆ ಕೊಡಬೇಕಾದ ಉತ್ತರ ಅದಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೇಳಲು ಒಳ್ಳೆಯ ಸಂಗತಿಯೇ ಇದೆಯಲ್ಲ. ನಾಲ್ಕನೇ ಶತಮಾನದಲ್ಲಿ, ಈಗಿನ ಟರ್ಕಿ ದೇಶದಲ್ಲಿರುವ ಮೈರಾ ಎಂಬ ಊರಲ್ಲಿ ನಿಕೋಲಸ್ ಎಂಬ ಬಿಷಪ್, ಅಂದರೆ ಕ್ರೈಸ್ತ ಧರ್ಮಗುರು, ಇದ್ದರು. ಸಾಂತಾನ ಕತೆಯ ಮೂಲ ಅವರೇ. ಮೂವರು ಹೆಣ್ಣುಮಕ್ಕಳ ಮದುವೆ ಮಾಡಲಾಗದೆ ಕಂಗೆಟ್ಟ ಬಡವನ ಮನೆಗೆ ರಾತ್ರಿ ಹೊತ್ತು ಕಿಟಕಿಯಿಂದ ಹೊನ್ನಿನ ಗಂಟು ಎಸೆದರು ಅಂತ ಅವರ ಕತೆ ಹೇಳುತ್ತದೆ. ಜಾರುಬಂಡಿ ಎಳೆಯುವ ಎಂಟು ಹಿಮಸಾರಂಗ ಬಹಳ ತಡವಾಗಿ, 1823ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬಂದ ಪದ್ಯದಿಂದ ಸೇರಿಕೊಂಡದ್ದು. ಆ ಬಿಷಪ್ ಮುಚ್ಚಿಟ್ಟದ್ದು ತನ್ನ ಹೆಸರನ್ನು, ಇಸಿದುಕೊಂಡವರ ಮರ್ಯಾದೆ ಉಳಿಯಲಿ ಅಂತ. ಮಾಳಿಗೆ ಮೇಲೆ ನಾನು ಅಕ್ಕನ ಮಗನಿಗೆ ಹೇಳಿದ್ದು ಈ ಕತೆಯನ್ನೇ. ಆಮೇಲೆ ಅವನೂ ಅವನ ಅವ್ವನೂ ಸೇರಿ ಆ ಕೆಲಸದಕ್ಕನ ಮಗಳಿಗೆ ಕಂಪಾಸ್ ಪೆಟ್ಟಿಗೆ ಕೊಟ್ಟರು. ಯಾವ ಸಾಂತಾ ಹೆಸರೂ ಇಲ್ಲದೆ, ನೇರವಾಗಿ ಕೈಗೆ.

ಇನ್ನೊಂದು ಮಾತನ್ನು ಕಟುವಾಗಿಯೇ ಹೇಳುತ್ತೇನೆ. "ಸಾಂತಾ ನೋಡ್ಲತ್ತಾನ, ಹೋಂವರ್ಕ್ ಮಾಡಲಿಲ್ಲಂದ್ರ ಗಿಫ್ಟ್ ಇಲ್ಲ" ಅನ್ನುವುದನ್ನು ನಿಲ್ಲಿಸಿ. ಸಾಂತಾ ಇರಲಿ, ಗುಮ್ಮ ಇರಲಿ, ದೇವರೇ ಇರಲಿ, ಮಗುವನ್ನು ಅಂಜಿಸಿ ಕೆಲಸ ಮಾಡಿಸಿಕೊಳ್ಳಲು ಅವರನ್ನು ಕರೆತಂದರೆ ಅದು ಮಗುವಿನ ಕನಸಿಗೆ ಪೊಲೀಸರನ್ನು ಕಳಿಸಿದಂತೆ.

ಸಾಂತಾ ಪರದೇಶಿ, ಜೋಕುಮಾರ ನಮ್ಮವ ಅಂತ ನಾನು ವಾದ ಮಾಡುತ್ತಿಲ್ಲ. ಬೀದರ್‌ನಲ್ಲಿ ಮೆಥೋಡಿಸ್ಟ್ ಕುಟುಂಬಗಳು ತಲೆಮಾರುಗಳಿಂದ ಇವೆ, ಕ್ರಿಸ್ಮಸ್ ಅಲ್ಲಿ ಊರ ಹಬ್ಬ. ಡಿಸೆಂಬರ್ ಚಳಿಯಲ್ಲಿ ಅವರ ಹಾಡಿನ ತಂಡ ಮನೆಮನೆಗೆ ಹೋಗುವಾಗ ಜೊತೆಗೆ ಕ್ರಿಸ್ಮಸ್ ತಾತ ಕುಣಿಯುತ್ತ ಬರುತ್ತಾನೆ. ಹತ್ತಿಯ ಗಡ್ಡ ಜಾರಿದರೆ ಮಕ್ಕಳೇ ಎತ್ತಿ ಕಟ್ಟುತ್ತಾರೆ. ಒಳಗಿರುವ ಅಣ್ಣ ಯಾರು ಅಂತ ಅವರಿಗೆಲ್ಲ ಗೊತ್ತು, ಆದರೂ ಅವನ ಕೈಯ ಚಾಕಲೇಟಿಗೆ ಬೇರೆಯೇ ಬೆಲೆ. ಆ ತಾತ ನನ್ನ ಜೋಕುಮಾರನ ಬಳಗದವನೇ. ನನಗೆ ಸರಿಬೀಳದ್ದು ಅಪ್ಪ-ಅವ್ವನ ಪಿಸುಮಾತಿನಲ್ಲಿ, ಆನ್‌ಲೈನ್ ಆರ್ಡರ್‌ನಲ್ಲಿ ಮಾತ್ರ ಬದುಕುವ ಸಾಂತಾ. ಶಾಲೆಗಳು ಮನಸ್ಸು ಮಾಡಿದರೆ ಇದನ್ನು ಬದಲಿಸುವುದು ಕಷ್ಟವಲ್ಲ. ನಾಲ್ಕು ಮಕ್ಕಳ ಕೈಯಲ್ಲೇ ಗಡ್ಡ ಅಂಟಿಸಲಿ, ಟೊಪ್ಪಿಗೆ ಹೊಲಿಸಲಿ, ಆಮೇಲೆ ಕುಣಿಯಲಿ. ಮಕ್ಕಳ ಖುಷಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ.

ಭೀಮಾ ದಂಡೆಯವರು, ಚಿತ್ತಾಪುರ, ಅಫಜಲಪುರ, ಶಹಾಪುರ ಕಡೆಯವರು ಇದನ್ನು ಓದುತ್ತಿದ್ದರೆ ದಯವಿಟ್ಟು ಕಮೆಂಟ್‌ನಲ್ಲಿ ಬರೆಯಿರಿ: ನಿಮ್ಮೂರಲ್ಲಿ ಜೋಕುಮಾರನ ಬುಟ್ಟಿ ಈಗಲೂ ಮನೆಮನೆಗೆ ಬರುತ್ತದೆಯೇ? ಹೊರುವವರು ಯಾರು, ಹಾಡು ಬರುವ ಹಿರಿಯರು ಎಷ್ಟು ಜನ ಉಳಿದಿದ್ದಾರೆ? ಬರುವ ಭಾದ್ರಪದಕ್ಕೆ ಅಕ್ಕನ ಮಗನನ್ನು ಕರೆದುಕೊಂಡು ಬರುತ್ತೇನೆ. ಕುಂಬಾರರ ಅಂಗಳದಲ್ಲಿ ಮಣ್ಣು ಕಲಸುವ ದಿನವೇ ಅವನು ಅಲ್ಲಿರಬೇಕು.